ಬುಟ್ಟಿ ಹೊತ್ತವನು ಮಾತಾಡಬಾರದು

ಮಮತಾ ಸಿದ್ದಾಪುರದಿಂದ ಸಂಜೆಯ ಬಸ್ಸಿಗೆ ತನ್ನೂರು ಮನ್ಮನೆಗೆ ಬಂದಿಳಿಯುವ ಹೊತ್ತಿಗೆ, ಅವಳಾಡಿದ ಮಾತು ಅವಳಿಗಿಂತ ಮೊದಲೇ ಮನೆ ಸೇರಿಯಾಗಿತ್ತು.

ಜಗುಲಿಯ ಮೇಲೆ ಮಗಳು ಚೇತನಾ ಫೋನು ಹಿಡಿದು ಕೂತಿದ್ದಳು. ಅತ್ತೆ ದೇವಿಯಮ್ಮ ಹರಿವೆ ಸೊಪ್ಪು ಸೋಸುತ್ತ, ಮಾವ ಕೆರಿಯಪ್ಪ ಎಲೆಯಡಿಕೆಯ ಕವಳ ಜಗಿಯುತ್ತ, ಇಬ್ಬರೂ ಅದೇ ಫೋನಿನ ಕಡೆ ಕತ್ತು ಚಾಚಿದ್ದರು. ಫೋನಿನೊಳಗೂ ಮಮತಾಳೇ ಇದ್ದಳು. ತಾಲೂಕು ಪಂಚಾಯ್ತಿಯ ಮುಂದೆ ಬಿಸಿಯೂಟದ ಅಡುಗೆಯವರು ಶಾಮಿಯಾನ ಹಾಕಿ ಧರಣಿ ಕೂತಿದ್ದರಲ್ಲ, ಅದರ ಮುಂದಿನ ಸಾಲಿನಲ್ಲಿ.

ಮೈಕು ಹಿಡಿದವನೊಬ್ಬ ಕೇಳುತ್ತಿದ್ದ: “ನಿಮ್ಮ ಮನೆಯವರು ಆಳುವ ಪಕ್ಷದ ತಾಲೂಕಾಧ್ಯಕ್ಷರು. ನೀವು ಅದೇ ಸರ್ಕಾರದ ವಿರುದ್ಧ ಕೂತಿದ್ದೀರಿ. ಮನೆಯಲ್ಲಿ ಅವರು ಏನೂ ಅನ್ನೋದಿಲ್ಲವಾ?”

ಫೋನಿನೊಳಗಿನ ಮಮತಾ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಅವ್ರು ಮನೇಲಿ ಮಾತಾಡೂದೇ ಅಪರೂಪ ಮಾರಾಯ್ರೆ. ಇದ್ದ ಮಾತೆಲ್ಲ ಊರಿಗೆ ಬಡಿಸಿ ಬತ್ತಾರೆ. ಮನೆಗೆ ಬರೂ ಹೊತ್ತಿಗೆ ಪಾತ್ರೆ ಖಾಲಿ.”

ಸುತ್ತಲಿನ ಹೆಂಗಸರು ಹೋ ಎಂದು ನಕ್ಕರು. ಅಲ್ಲಿಗೆ ಆ ತುಣುಕು ಮುಗಿಯಿತು. ಚೇತನಾ ಮತ್ತೆ ಮೊದಲಿನಿಂದ ಹಚ್ಚಿದಳು.

“ಸಾಕು ನಿಲ್ಲಿಸೆ” ಎಂದಳು ಮಮತಾ ಅಂಗಳದಿಂದಲೇ. ಚಪ್ಪಲಿ ಬಿಟ್ಟು ಕಾಲು ತೊಳೆಯುತ್ತ ಕೇಳಿದಳು, “ಅದು ಇಲ್ಲಿಗೂ ಬಂತಾ?”

“ಇಲ್ಲಿಗೆ ಬಂದು, ಉಂಡು, ಸಾಗರಕ್ಕೂ ಹೋಯ್ತಂತೆ” ಎಂದ ಕೆರಿಯಪ್ಪ. “ನಿನ್ನ ಅಣ್ಣ ನಂದೊಳ್ಳಿಯಿಂದ ಫೋನು ಮಾಡಿದ್ದ. ಯಲ್ಲಾಪುರದ ಪೇಟೇಲೂ ನೋಡ್ತಾ ಇದಾರಂತೆ.”

“ನಗಬೇಡಿ ಮಾವ.”

“ನಾನೆಲ್ಲಿ ನಗ್ತೀನಿ? ಬಾಯಲ್ಲಿ ಕವಳ ಐತೆ.”

ದೇವಿಯಮ್ಮ ಮಾತ್ರ ನಗಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತ, “ಗಂಡನ ಸುದ್ದಿನ ಬೀದೀಲಿ ಹೇಳೂದಾ? ಅವನು ಬರ್ಲಿ, ಐತೆ ನಿಂಗೆ” ಎಂದಳು.

ಮನೋಹರ ಬಂದಾಗ ದೀಪ ಹಚ್ಚಿಯಾಗಿತ್ತು. ಬೈಕು ನಿಲ್ಲಿಸಿದ, ಬಿಳಿ ಅಂಗಿಯನ್ನು ಗೂಟಕ್ಕೆ ಹಾಕಿದ, ಬಚ್ಚಲಿಗೆ ಹೋಗಿ ಬಂದು ಊಟಕ್ಕೆ ಕೂತ. ಅನ್ನ, ಹರಿವೆ ಸೊಪ್ಪಿನ ಸಾರು, ಮಿಡಿ ಉಪ್ಪಿನಕಾಯಿ. ಕಲಸಿದ, ಉಂಡ. ಒಂದು ಮಾತಿಲ್ಲ. ಮಮತಾ ಸಾರು ಬಡಿಸಲು ಬಗ್ಗಿದರೆ ಅಂಗೈ ಅಡ್ಡ ಹಿಡಿದ.

ಕೆರಿಯಪ್ಪನೇ ಕೊನೆಗೆ ಹೇಳಿದ: “ಮಗಾ, ಎಂತಾದ್ರೂ ಒಂದು ಮಾತಾಡು. ಇಲ್ಲಾಂದ್ರೆ ಅವಳು ಹೇಳಿದ್ದು ಖರೆ ಆತದೆ.”

ಚೇತನಾಳಿಗೆ ಅನ್ನ ನೆತ್ತಿಗೇರಿತು. ದೇವಿಯಮ್ಮ ಮೊಮ್ಮಗಳ ನೆತ್ತಿ ತಟ್ಟುತ್ತ ತಾನೂ ಸೆರಗು ಬಾಯಿಗೊತ್ತಿಕೊಂಡಳು.

“ನಗಿ. ಎಲ್ರೂ ನಗಿ” ಎಂದ ಮನೋಹರ. “ಸಿದ್ದಾಪುರದ ಬಸ್‌ಸ್ಟ್ಯಾಂಡಲ್ಲೂ ನಗ್ತಾ ಇದಾರೆ. ಚಾ ಕುಡಿಯೂಕೆ ಹೋದ್ರೆ ಹೋಟ್ಲವ ಕೇಳ್ತಾನೆ, ನಾಯ್ಕರೆ, ಪಾತ್ರೆ ತುಂಬಿಸ್ಲಾ ಅಂತ.”

“ಮೈಕಿನವ ಕೇಳಿದ, ನಾನು ಬಾಯಿಗೆ ಬಂದದ್ದು ಹೇಳಿದೆ” ಎಂದಳು ಮಮತಾ. “ಸುಳ್ಳಂತೂ ಹೇಳ್ಲಿಲ್ಲ.”

ಮನೋಹರ ಎದ್ದು ಕೈ ತೊಳೆದ.

ಅವನಿಗೆ ಸಿಟ್ಟು ಬರುವುದಕ್ಕೆ ಕಾರಣವಿತ್ತು. ಮೀಸೆ ಚಿಗುರುವ ವಯಸ್ಸಿನಿಂದ ಅವನು ಆ ಪಕ್ಷದ ಬಾವುಟ ಹೊತ್ತವನು. ಗೋಡೆಗೆ ಬರೆದವನು, ಸಭೆಗೆ ಕುರ್ಚಿ ಹಾಕಿದವನು, ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಟ್ಟವನು. ಟಿಕೆಟು ಮಾತ್ರ ಪ್ರತಿ ಸಲವೂ ಅವನೆದುರಿಗೇ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇದ್ದ ಜಿಲ್ಲಾ ಪಂಚಾಯ್ತಿ ಚುನಾವಣೆ ಈ ಸಲ ಆಗಿಯೇ ಆಗುತ್ತದೆಂಬ ಸುದ್ದಿ ಹುಟ್ಟಿತ್ತು. ಈ ಸಲ ಮನೋಹರ ನಾಯ್ಕನೇ ಎಂದು ಎಲ್ಲರೂ ಹೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಚೌತಿ ಮುಗಿದ ವಾರವೇ ಬಿಸಿಯೂಟದವರ ಮುಷ್ಕರ ಶುರುವಾಗಿ, ಊರ ಶಾಲೆಯ ಅಡುಗೆಯವಳಾದ ಅವನ ಹೆಂಡತಿ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು.

*

ಶಿರಸಿಯ ಪಕ್ಷದ ಕಚೇರಿಗೆ ಕರೆ ಬಂತು. ಸೀತಾರಾಮ ಹೆಗಡೆಯವರು ಅಲ್ಲಿಯ ಹಿರಿಯರು. ವಕೀಲಿ ಬಿಟ್ಟರೂ ವಕೀಲರ ಹಾಗೆಯೇ ಮಾತಾಡುವವರು. ಮನೋಹರನನ್ನು ಹುಡುಗನಿದ್ದಾಗಿನಿಂದ ಬಲ್ಲವರು. ಮೊದಲು ಚಾ ತರಿಸಿದರು, ಅವನು ಕುಡಿದು ಮುಗಿಸುವ ತನಕ ಮಳೆಬೆಳೆ ವಿಚಾರಿಸಿದರು, ಆಮೇಲೆ ಕನ್ನಡಕ ತೆಗೆದರು.

“ಎಂತದಾ ಮನೋಹರ, ನಿನ್ನ ಹೆಂಡ್ತಿ ಮಾತು ನಂಗೆ ಬೆಂಗಳೂರಿಂದ ಕಳಿಸಿದ್ರಪ. ನಾನೂ ನಕ್ಕೆ. ನಕ್ಕಿದ್ದು ಆತು. ಈಗ ಮುಂದೆಂತ?”

“ಅವಳ ಸ್ವಭಾವ ಹಂಗೆ ಹೆಗಡೇರೇ. ಮನಸಲ್ಲಿ ಎಂತದೂ ಇಲ್ಲ.”

“ಮನಸು ಯಾರಿಗೆ ಕಾಣ್ತದೆ? ವಿಡಿಯೋ ಕಾಣ್ತದೆ. ಸ್ವಂತ ಹೆಂಡ್ತೀನೇ ಒಪ್ಪಿಸಲಾರದವ ಜಿಲ್ಲೆ ಹೆಂಗೆ ನಡೆಸ್ತಾನೆ ಅಂತ ಎದುರು ಪಕ್ಷದವರು ಆಗ್ಲೇ ಬರೀತಾ ಇದಾರೆ.” ಹೆಗಡೆಯವರು ದನಿ ತಗ್ಗಿಸಿದರು. “ಸೀಗೆ ಹುಣ್ಣಿಮೆ ದಿನ ಬೆಳಿಗ್ಗೆ ನಾನು ಹೆಸರು ಹೇಳಬೇಕು. ಅಷ್ಟರೊಳಗೆ ಅವಳು ಒಂದು ವಿಡಿಯೋ ಮಾಡ್ಲಿ. ಯಾರದೋ ಮಾತು ಕೇಳಿ ಧರಣಿಗೆ ಕೂತೆ, ತಪ್ಪಾಯ್ತು, ಕ್ಷಮಿಸಿ. ಇಷ್ಟೇ. ನಿಂಗೆ ನಾನು ಬೇರೆ ಎಂತ ಕೇಳಿದೆ?”

ಮನೋಹರ ಅದನ್ನು ಮನೆಯಲ್ಲಿ ಹೇಳಿದಾಗ ಮಮತಾ ರೊಟ್ಟಿ ತಟ್ಟುತ್ತಿದ್ದಳು. ಅಕ್ಕಿ ಹಿಟ್ಟಿನ ಮೇಲೆ ಅವಳ ಅಂಗೈ ಪಟಪಟ ಬೀಳುತ್ತಿತ್ತು. ಅವನು ಹೇಳಿ ಮುಗಿಸಿದ ಮೇಲೆ ಸದ್ದು ನಿಂತಿತು.

“ಯಾರದೋ ಮಾತು ಅಂದ್ರೆ ಯಾರದು?”

“ಅದೆಲ್ಲ ಹೇಳೂದು ಬೇಡ. ಸುಮ್ನೆ ಯಾರದೋ.”

“ಪಾರ್ವತವ್ವನ ಮಾತು ಕೇಳಿ ಕೂತೆ ನಾನು. ಬನವಾಸಿ ಕಡೆಯವಳು, ನಿಮಗೆ ಗೊತ್ತಲ್ಲ. ಸಾಂಬಾರಿನ ಪಾತ್ರೆ ಇಳಿಸೂಕೆ ಹೋಗಿ ಕಾಲ ಮೇಲೆ ಚೆಲ್ಲಿಕೊಂಡ್ಳು. ಪಾದ ಬೆಂದು ಹೋಯ್ತು. ಅವಳ ಆಸ್ಪತ್ರೆ ಖರ್ಚು ಅವಳದೇ, ರಜೆ ಹಾಕಿದ ದಿನದ ಸಂಬಳವೂ ಇಲ್ಲ. ನಾಳೆ ನನ್ನ ಕಾಲ ಮೇಲೆ ಬಿದ್ರೂ ಅಷ್ಟೇ. ಅವಳು ಕುಂಟ್ತಾ ಬಂದು ಶಾಮಿಯಾನದ ಕೆಳಗೆ ಕೂತಾಳೆ. ನಾನು ತಪ್ಪಾಯ್ತು ಅಂದ್ರೆ ಅವಳ ಮುಖ ಹೆಂಗೆ ನೋಡ್ಲಿ?”

“ನನ್ನ ಮುಖ?” ಎಂದ ಮನೋಹರ. “ಇಷ್ಟು ವರ್ಷ ಕಾದಿದೀನಿ ಮಮತಾ. ಇದೊಂದೇ ಸಲ.”

ಅವನು ಹೆಸರು ಹಿಡಿದು ಕರೆದದ್ದಕ್ಕೆ ಅವಳು ತಲೆಯೆತ್ತಿ ನೋಡಿದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀಯತೊಡಗಿತು.

“ಅಮ್ಮ ಯಾಕೆ ಕ್ಷಮೆ ಕೇಳಬೇಕು?” ಎಂದಳು ಚೇತನಾ ಬಾಗಿಲಲ್ಲಿ ನಿಂತು. “ಅಪ್ಪಾ, ನಮ್ಮ ಕಾಲೇಜಲ್ಲಿ ಎಲ್ರೂ ಅಮ್ಮನ ಪರ.”

“ಕಾಲೇಜಿನವರಿಗೆ ಟಿಕೆಟ್ ಕೊಡೂ ಅಧಿಕಾರ ಐತಾ? ಓದ್ಕ ಹೋಗು.”

“ಓದೂದು ಮುಗೀತು.”

“ಹಂಗಾರೆ ಆ ರೊಟ್ಟಿ ತಿರುವಿ ಹಾಕು!” ಎಂದು ದೇವಿಯಮ್ಮ ಎಲ್ಲರ ಮೇಲೂ ಒಟ್ಟಿಗೇ ಸಿಡುಕಿದಳು.

*

ಮುಂದಿನ ವಾರ ತಪ್ಪು ಮಾಡಿದವಳು ದೇವಿಯಮ್ಮ.

ಅವಳಿಗೆ ಮುಷ್ಕರವೆಂದರೆ ಏನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಸೊಸೆ ಪೇಟೆಯಲ್ಲಿ ಹೋಗಿ ಕೂರುತ್ತಾಳೆ, ಬರುತ್ತಾಳೆ, ಅಷ್ಟು ಗೊತ್ತಿತ್ತು. ಒಂದು ಮಧ್ಯಾಹ್ನ ಶಾಲೆಯ ಹಿಂದಿನ ಗದ್ದೆಯಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂತು ಬರೀ ಅವಲಕ್ಕಿ ತಿನ್ನುತ್ತಿದ್ದದ್ದು ಕಂಡಿತು. ಒಂದು ಚಿಕ್ಕ ಹುಡುಗಿ ಅವಲಕ್ಕಿಯನ್ನೂ ಮುಗಿಸಿ ತಟ್ಟೆಯ ತಳ ನೋಡುತ್ತಿತ್ತು. ಆ ಮನೆಯಲ್ಲಿ ಹಸಿದವರ ಎದುರು ಸುಮ್ಮನೆ ನಿಲ್ಲುವ ಪದ್ಧತಿ ಇರಲಿಲ್ಲ. ಮರುದಿನ ದೇವಿಯಮ್ಮ ಕತ್ತಿ, ತೆಂಗಿನಕಾಯಿ, ಮನೆಯ ಬಸಳೆ ಸೊಪ್ಪು ಹಿಡಿದು ಶಾಲೆಗೆ ಹೋದಳು. ಮಾಸ್ತರು ಬೇಡವೆನ್ನಲಿಲ್ಲ. ಒಲೆ ಹಚ್ಚಿ, ಅನ್ನ ಇಳಿಸಿ, ಸಾರು ಕುದಿಸಿ ಎಲ್ಲ ಮಕ್ಕಳಿಗೂ ತಾನೇ ಬಡಿಸಿದಳು.

ಯಾರೋ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಅದರ ಮೇಲೆ ದೊಡ್ಡ ಅಕ್ಷರ ಕೂತಿತ್ತು: ‘ಸೊಸೆ ಬೀದಿಯಲ್ಲಿ, ಅತ್ತೆ ಒಲೆ ಮುಂದೆ. ನಾಯಕರ ಮನೆಯ ಸೇವೆ!’ ಹಾಗೆ ಬರೆದು ಹಂಚಿದವರು ಮನೋಹರನ ಪಕ್ಷದ ಹುಡುಗರೇ. ಅವನ ಹೆಸರು ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಅವರಲ್ಲಿ ಮುಂದಾಳು ಉಲ್ಲಾಸ, ಮನೋಹರನ ಬೈಕಿನ ಹಿಂದೆ ಕೂತು ರಾಜಕೀಯ ಕಲಿತವನು.

ಧರಣಿಯಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. ಯಾರೂ ಬೈಯಲಿಲ್ಲ. ಪಾರ್ವತವ್ವ ಮಾತ್ರ ಬೆಂದ ಕಾಲನ್ನು ಮೆಲ್ಲಗೆ ಮಡಿಸಿಕೊಂಡು ಹೇಳಿದಳು: “ಮಮತಕ್ಕ, ನಾವು ಇಲ್ಲಿ ಕುಂತದ್ದು ಯಾತಕ್ಕ್ರಿ? ನಮ್ಮ ಕೈ ಇಲ್ಲದಿದ್ರ ಒಲಿ ಹತ್ತೂದಿಲ್ಲ ಅಂತ ತೋರ್ಸಾಕ. ನಿಮ್ಮ ಮನ್ಯಾಗಿನವರ ಬಂದು ಒಲಿ ಹಚ್ಚಿದ್ರ ಹೆಂಗ್ರಿ?”

ಮಮತಾ ಮನೆಗೆ ಬಂದು ಅತ್ತೆಯ ಎದುರು ನಿಂತಳು.

“ಯಾಕೆ ಹೋದ್ರಿ ಅತ್ತೆ?”

“ಮಕ್ಳು ಹಸ್ಕೊಂಡಿದ್ವು.”

“ನಂಗೆ ಗೊತ್ತಿಲ್ವಾ ಅವು ಹಸಿತಾವೆ ಅಂತ? ದಿನಾ ಮಧ್ಯಾಹ್ನ ಗಂಟೆ ನೋಡಿದ್ರೆ ಅಲ್ಲೇ ಕೂತಲ್ಲಿ ನಂಗೆ ಅನ್ನ ಇಳಿಯೂದಿಲ್ಲ. ಆದ್ರೂ ಕೂತೀನಲ್ಲ, ಅದಕ್ಕೊಂದು ಅರ್ಥ ಇಲ್ವಾ?”

“ನಿನ್ನ ಅರ್ಥ ಆ ಹುಡುಗಿ ತಟ್ಟೇಲಿ ಇರ್ಲಿಲ್ಲ” ಎಂದುಬಿಟ್ಟಳು ದೇವಿಯಮ್ಮ.

ಆಡಿದ ಮೇಲೆ ಅವಳಿಗೇ ಹೆಚ್ಚಾಯಿತೆನಿಸಿತು. ದಸರಾ ರಜೆ ಶುರುವಾಗಿ ಶಾಲೆ ಮುಚ್ಚಿ, ಧರಣಿಯೂ ರಜೆ ಮುಗಿಯುವ ತನಕ ನಿಂತಾಗ, ಮಮತಾ ಚೀಲಕ್ಕೆ ಸೀರೆ ತುಂಬಿಕೊಂಡು ತವರಿಗೆ ಹೊರಟಳು.

“ಎಷ್ಟು ದಿನ?” ಎಂದು ಮನೋಹರ ಕೇಳಿದ.

“ನೋಡುವಾ” ಎಂದಳು ಅವಳು.

*

ಅವಳಿಲ್ಲದ ಮನೆ ನಡೆಯಿತು, ಆದರೆ ಕುಂಟುತ್ತ ನಡೆಯಿತು. ಚೇತನಾ ಮಾಡಿದ ಸಾರನ್ನು ಕೆರಿಯಪ್ಪ ನೀರೆಂದು ತಿಳಿದು ಎಲೆಯ ಸುತ್ತ ಚಿಮುಕಿಸಿದ. ಮನೋಹರನ ಬಿಳಿ ಅಂಗಿ ಬೂದಿ ಬಣ್ಣಕ್ಕೆ ಬಂತು. ಹಾಲು ಕರೆಯಲು ಹೋದರೆ ಎಮ್ಮೆ ದೇವಿಯಮ್ಮನನ್ನು ಒದೆಯಲಿಲ್ಲ ನಿಜ, ಆದರೆ ಹಾಲನ್ನೂ ಇಳಿಸಲಿಲ್ಲ. ಬಾಗಿಲ ಕಡೆಗೇ ನೋಡುತ್ತ ನಿಂತಿತು.

ಅಷ್ಟರಲ್ಲಿ ಸೀಗೆ ಹುಣ್ಣಿಮೆ ಹತ್ತಿರ ಬಂತು. ಆ ಕಡೆಯವರಿಗೆ ಅದು ಭೂಮಿ ಹುಣ್ಣಿಮೆ. ಗದ್ದೆಯ ಭತ್ತ ಹೊಡೆ ತುಂಬಿ ನಿಂತಿರುವ ದಿನ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ದು ಕೊಡುವ ದಿನ. ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕು. ದೇವಿಯಮ್ಮನ ಕೈ ನಡುಗಲು ಶುರುವಾದ ಮೇಲೆ ಆ ಬುಟ್ಟಿಯನ್ನು ಮಮತಾ ಬರೆಯುತ್ತಿದ್ದಳು. ಚೇತನಾ ಕೂತು ಪುಂಡಿ ನಾರಿನ ಕುಂಚದಲ್ಲಿ ಒಂದು ಎಳೆ ಎಳೆದಳು. ಅದು ಹಾವು ಹರಿದ ಹಾಗೆ ಹೋಯಿತು.

ದೇವಿಯಮ್ಮ ಬುಟ್ಟಿಯನ್ನು ಕಸಿದುಕೊಂಡು ನೋಡಿದಳು. “ನಾನು ನಂದೊಳ್ಳಿಗೆ ಹೋಗಿ ಬತ್ತೀನಿ” ಎಂದಳು.

“ಅವ್ವ, ನೀನು ಒಬ್ಳೇ? ಶಿರಸೀಲಿ ಬಸ್ ಬದ್ಲಿಸಬೇಕು. ನಾನು ಬೈಕಲ್ಲಿ…”

“ನೀನು ಬರೂದು ಬೇಡ. ನೀನು ಬಂದ್ರೆ ಬಾಯಿ ಮುಚ್ಕೊಂಡು ನಿಲ್ತೀಯ. ಅವಳು ನಿನ್ನ ಮುಖ ನೋಡ್ತಾಳೆ, ನೀನು ಅವಳ ಮುಖ ನೋಡ್ತೀಯ. ಸಂಜೆ ಆಗ್ತದೆ. ಅಷ್ಟೇ.”

ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಬಸ್ಸು ಹತ್ತಿದಳು. ಶಿರಸಿಯ ನಿಲ್ದಾಣದಲ್ಲಿ ಪಕ್ಕ ಕೂತ ಹೆಂಗಸು, “ನಿಮ್ಮನ್ನ ಎಲ್ಲೋ ನೋಡಿದೀನಲ್ಲ. ಶಾಲೇಲಿ ಅಡಿಗೆ ಮಾಡಿದ ಅತ್ತೆ ನೀವೇ ಅಲ್ದಾ?” ಎಂದಾಗ ದೇವಿಯಮ್ಮ ಸೆರಗನ್ನು ಹಣೆಯ ತನಕ ಎಳೆದುಕೊಂಡು, “ಅಲ್ಲ. ಅದು ನಮ್ಮ ಅಕ್ಕ” ಎಂದಳು. ಅವಳ ಆಯುಷ್ಯದಲ್ಲಿ ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲಿರಬೇಕು.

ನಂದೊಳ್ಳಿಯ ಅಣ್ಣನ ಮನೆಯಲ್ಲಿ ಮಮತಾ ಅಂಗಳ ಸಾರಿಸುತ್ತಿದ್ದಳು. ಬುಟ್ಟಿ ಹಿಡಿದು ಬೇಲಿ ದಾಟಿ ಬರುತ್ತಿದ್ದ ಅತ್ತೆಯನ್ನು ಕಂಡು ಸಗಣಿಯ ಕೈಯಲ್ಲೇ ಎದ್ದು ನಿಂತಳು.

“ಎಂತಾತು ಅತ್ತೆ? ಮಾವ ಹುಷಾರಾ?”

“ಎಲ್ಲ ಹುಷಾರು. ನಿನ್ನ ಎಮ್ಮೆಗೆ ಮಾತ್ರ ತಲೆ ಕೆಟ್ಟೈತೆ.” ದೇವಿಯಮ್ಮ ಕಟ್ಟೆಯ ಮೇಲೆ ಕೂತು ಉಸಿರು ಬಿಟ್ಟಳು. ಮಜ್ಜಿಗೆ ಕೊಟ್ಟರೂ ಮುಟ್ಟಲಿಲ್ಲ. “ಅವತ್ತು ನಾನು ಶಾಲೇಲಿ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಗೊತ್ತಾ? ನೂರು ತಟ್ಟೆಗೆ ಎಷ್ಟು ಹಾಕಬೇಕು ಅಂತ ನಂಗೆಲ್ಲಿ ಗೊತ್ತು? ಆ ಸಣ್ಣ ಹುಡುಗಿ ಒಂದು ತುತ್ತು ತಿಂದು ಕೇಳ್ತು: ಅಜ್ಜಿ, ಮಮತಕ್ಕ ಯಾವಾಗ ಬರ್ತಾರೆ?”

ಮಮತಾ ನಗಬಾರದೆಂದು ತುಟಿ ಕಚ್ಚಿದಳು.

“ನಾನು ಅದನ್ನ ಮನೇಲಿ ಹೇಳ್ಲಿಲ್ಲ. ಮರ್ಯಾದೆ ಪ್ರಶ್ನೆ” ಎಂದಳು ದೇವಿಯಮ್ಮ. ಬುಟ್ಟಿಯ ಅಂಚು ಸವರುತ್ತ ಮುಂದುವರಿಸಿದಳು: “ನಿನ್ನ ಕೆಲಸ ಯಾರಾದ್ರೂ ಹೋಗಿ ಮಾಡಿದ್ರಾತು ಅಂದ್ಕೊಂಡಿದ್ದೆ ಮಗಾ. ಅಲ್ಲ ಅದು. ಆ ಕಾಲು ಸುಟ್ಟವಳಿಗೆ ನನ್ನ ಮೇಲೆ ಬಾಳ ಸಿಟ್ಟಾ?”

“ಇಲ್ಲ ಅತ್ತೆ. ಅವಳಿಗೂ ಮಕ್ಕಳದ್ದೇ ಚಿಂತೆ.”

“ರಜೆ ಮುಗಿದ ಮೇಲೆ ನಾನೂ ಬಂದು ನಿಮ್ಮ ಜೊತೆ ಕೂರ್ತೀನಿ. ಫೋಟೋ ತೆಗೀಲಿ ಯಾರು ತೆಗೀತಾರೋ.” ಆಮೇಲೆ ಬುಟ್ಟಿಯನ್ನು ಸೊಸೆಯ ಕಡೆ ತಳ್ಳಿದಳು. “ಇದನ್ನ ನೋಡು. ನಿನ್ನ ಮಗಳು ಹಾವು ಬರ್ದಾಳೆ.”

ಮಮತಾ ಕೈ ತೊಳೆದು ಬಂದು ಬುಟ್ಟಿ ತಿರುಗಿಸಿ ನೋಡಿದಳು. ಆ ಸೊಟ್ಟ ಎಳೆಯ ಮೇಲೆ ಬೆರಳಾಡಿಸಿದಳು. ಅಳಿಸಲಿಲ್ಲ. “ಇರ್ಲಿ, ಇದರ ಸುತ್ತ ಬಳ್ಳಿ ಬರೆದ್ರಾತು” ಎಂದು ಚೀಲ ತರಲು ಒಳಗೆ ಹೋದಳು.

*

ಹುಣ್ಣಿಮೆಯ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಲಿಯಿಂದ, ಬೆಟ್ಟದಿಂದ, ಗದ್ದೆಯ ಅಂಚಿನಿಂದ ಚಿವುಟಿ ತಂದ ಹತ್ತಾರು ಬಗೆಯ ಬೆರಕೆ ಸೊಪ್ಪು ಒಂದು ಕಡೆ, ಕುಂಬಳ, ಹಾಗಲ, ಅಮಟೆಕಾಯಿ ಇನ್ನೊಂದು ಕಡೆ. ಕಡುಬಿನ ಹಿಟ್ಟು ಕಲಸಿ ಇಟ್ಟಿತ್ತು. ಕೆರಿಯಪ್ಪ ಜಗುಲಿಯಲ್ಲಿ ಕೂತು, ತನ್ನ ಅಪ್ಪ ಬಾಯಿಪಾಠ ಮಾಡಿಸಿದ್ದ ಪದ್ಯವೊಂದನ್ನು ಎಳೆದೆಳೆದು ಹೇಳಿಕೊಳ್ಳುತ್ತಿದ್ದ. ಬುಟ್ಟಿ ಕೆಂಪಗೆ ಒಣಗಿತ್ತು, ಚೇತನಾಳ ಹಾವು ಬಳ್ಳಿಯಾಗಿತ್ತು.

ಉಲ್ಲಾಸ ಬಂದ. ಚಾ ಬೇಡವೆಂದ, ಅವಲಕ್ಕಿ ಕೊಟ್ಟರೆ ತಿಂದ. ಹೊರಗೆ ಕರೆದು ಮನೋಹರನ ಕೈಗೆ ಒಂದು ಚೀಟಿ ಕೊಟ್ಟ. “ಅಣ್ಣಾ, ಅಕ್ಕ ಹೇಳಬೇಕಾದ್ದು ಹೆಗಡೇರೇ ಬರೆಸಿ ಕಳಿಸಿದಾರೆ. ನಾಲ್ಕೇ ಸಾಲು. ಬೆಳಿಗ್ಗೆ ಫೋನು ಮಾಡ್ತಾರೆ, ಅಷ್ಟರೊಳಗೆ ವಿಡಿಯೋ ಹೋಗಿರಬೇಕಂತೆ.”

ಮನೋಹರ ಚೀಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮಮತಾ ಕುಂಬಳಕಾಯಿ ಹೆಚ್ಚುತ್ತಿದ್ದಳು. ಅವನು ನಿಂತೇ ಇದ್ದ.

“ಕೊಡಿ” ಎಂದಳು ಕೊನೆಗೆ ಅವಳೇ. ಓದಿದಳು. ಮತ್ತೊಮ್ಮೆ ಓದಿದಳು. “ಇದ್ರಲ್ಲಿ ತಪ್ಪಾಯ್ತು ಅಂತ ಐತೆ. ಯಾವ್ದು ತಪ್ಪು ಅಂತ ಇಲ್ಲ. ನೀವು ಹೇಳಿ, ಯಾವ್ದು?”

ಮನೋಹರ ಬಾಗಿಲ ಚೌಕಟ್ಟು ಉಜ್ಜಿದ. “ಟಿಕೆಟ್ಟಿಗಾಗಿ…”

“ಅದು ಗೊತ್ತು. ತಪ್ಪು ಯಾವ್ದು?”

ಮನೋಹರ ಬಗ್ಗಿ, ಉರುಳಿ ಬಂದಿದ್ದ ಅಮಟೆಕಾಯಿಯೊಂದನ್ನು ಎತ್ತಿಟ್ಟ. ಮಮತಾ ಅವನ ಬೂದಿ ಬಣ್ಣದ ಅಂಗಿಯನ್ನು ನೋಡಿದಳು, ಕಾಲರಿನಲ್ಲಿ ಹರಿದ ಹೊಲಿಗೆಯನ್ನು ನೋಡಿದಳು. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಆತು. ಗದ್ದೆಯಿಂದ ಬಂದ ಮೇಲೆ ಹೇಳ್ತೀನಿ. ಎಲ್ರ ಎದುರಿಗೂ ಅಲ್ಲ, ಕೊಟ್ಟಿಗೆ ಮಾಡಿನ ಮೂಲೇಲಿ ನಿಂತು. ನಿಮಗೋಸ್ಕರ ಅಷ್ಟೇ, ಆ ಹೆಗಡೇರಿಗೋಸ್ಕರ ಅಲ್ಲ.”

ದೇವಿಯಮ್ಮ ಒಲೆಗೆ ಕಟ್ಟಿಗೆ ತಳ್ಳಿದಳು. ಚೇತನಾ ಏನೋ ಹೇಳಲು ಬಾಯಿ ತೆರೆದವಳು ಅಜ್ಜಿಯ ಕಣ್ಣು ಕಂಡು ಮುಚ್ಚಿದಳು. ಮನೋಹರನ ಮುಖದಲ್ಲಿ ಹಗುರಾದ ಕಳೆ ಬಂತು. ಆದರೂ ಅವನು ಆ ಬಾಗಿಲಿನಿಂದ ಬೇಗ ಕದಲಲಿಲ್ಲ.

*

ಪೂರ್ವದಲ್ಲಿ ಬೆಳಕು ಒಡೆಯುವ ಮೊದಲು ಅವರು ಗದ್ದೆಗೆ ಹೊರಟರು. ಮುಂದೆ ಕೆರಿಯಪ್ಪ, ಕಂಕುಳಲ್ಲಿ ಟಾರ್ಚು, ಕೈಯಲ್ಲಿ ಅಂಬಲಿಯ ಪಾತ್ರೆ. ಅಂಚಿನುದ್ದಕ್ಕೂ ಅಂಬಲಿ ಬೀರುತ್ತ, ಉಂಡು ಹೋಗು ತಾಯೇ ಎಂದು ಭೂಮಿಯನ್ನು ಕೂಗಿ ಕರೆಯುತ್ತಿದ್ದ. ಅವನ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಮನೋಹರ. ಅವನ ಹಿಂದೆ ಹೆಂಗಸರು.

ಆ ಮನೆಯಲ್ಲೊಂದು ಕಟ್ಟಳೆಯಿತ್ತು. ತಾಯಿಯ ಊಟ ತಲೆಯ ಮೇಲಿರುವಾಗ ಬುಟ್ಟಿ ಹೊತ್ತವನು ಮಾತಾಡಬಾರದು, ಹಿಂದೆ ತಿರುಗಬಾರದು, ನಡುವೆ ಬುಟ್ಟಿ ಇಳಿಸಬಾರದು. ಹೆಂಗಸರು ಬೇಕಾದ್ದು ಮಾತಾಡಬಹುದು. ಬಸುರಿಯ ಮನೆಗೆ ಹೋಗುವವರು ಮಾತಾಡದೆ ಹೋಗುತ್ತಾರೆಯೆ ಎಂದು ದೇವಿಯಮ್ಮನ ವಾದ.

ಹಾಗೆ ಮನೋಹರ ಎಷ್ಟೋ ವರ್ಷದ ಮೇಲೆ ಬರೀ ಕೇಳುತ್ತ ನಡೆದ. ಪ್ರತಿ ವರ್ಷ ಬುಟ್ಟಿ ಹೊತ್ತಿದ್ದನೇನೋ ಹೌದು, ಆದರೆ ತಲೆಯೊಳಗೆ ಯಾವುದಾದರೊಂದು ಸಭೆ ನಡೆದಿರುತ್ತಿತ್ತು.

ಹಿಂದಿನಿಂದ ಮಮತಾಳ ದನಿ ಬಂತು. ಸಣ್ಣ ದನಿ.

“ನಾನು… ನಾನು ತಿಳುವಳಿಕೆ ಇಲ್ಲದೆ… ಮುಂದೆಂತ ಚೇತನಾ?”

“ಯಾರದೋ ಮಾತು ಕೇಳಿ ಧರಣಿಗೆ ಕೂತೆ” ಎಂದಳು ಚೇತನಾ, ಒಲ್ಲದ ಮನಸ್ಸಿನಿಂದ.

“ನಾನು ತಿಳುವಳಿಕೆ ಇಲ್ಲದೆ ಯಾರದೋ ಮಾತು ಕೇಳಿ… ಯಾರದೋ…” ದನಿ ನಿಂತಿತು. ಗದ್ದೆಯ ಕೆಸರಿನಲ್ಲಿ ಹೆಜ್ಜೆಗಳ ಸದ್ದು ಮಾತ್ರ. ಮತ್ತೆ ಮೊದಲಿನಿಂದ ಶುರುವಾಯಿತು. “ನಾನು ತಿಳುವಳಿಕೆ ಇಲ್ಲದೆ…”

“ಮಗಾ, ಗಂಟಲು ಕಟ್ತದೆ ನಿಂಗೆ. ಮನೆಗೆ ಹೋಗಿ ಹೇಳಿದ್ರಾತು” ಎಂದಳು ದೇವಿಯಮ್ಮ.

“ಇಲ್ಲ ಅತ್ತೆ. ಫೋನಿನ ಎದುರು ತಪ್ಪಿದ್ರೆ ಅವರಿಗೆ ತೊಂದ್ರೆ. ಬಾಯಿಗೆ ಕೂರ್ಲಿ.” ಮತ್ತೆ, “ನಾನು ತಿಳುವಳಿಕೆ ಇಲ್ಲದೆ ಯಾರದೋ ಮಾತು… ಪಾರ್ವತವ್ವ ಇದನ್ನ ನೋಡ್ತಾಳಾ?”

“ಎಲ್ರೂ ನೋಡ್ತಾರೆ ಅಮ್ಮ.”

ಮೈಕು ಹಿಡಿದವನೆದುರು ಒಂದೇ ಉಸಿರಿಗೆ ಮಾತಾಡಿ ಊರನ್ನೆಲ್ಲ ನಗಿಸಿದ್ದ ಆ ಬಾಯಿ, ನಾಲ್ಕು ಸಾಲಿಗೆ ಮತ್ತೆ ಮತ್ತೆ ಎಡವುತ್ತಿತ್ತು. ಮುಂದೆ ಹೋಗುತ್ತಿದ್ದವನ ಹೆಜ್ಜೆ ನಿಧಾನವಾಯಿತು. ಬುಟ್ಟಿ ಒಂದು ಸಲ ವಾಲಿತು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಆಗ ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

“ಅಪ್ಪಾ, ಫೋನು. ಹೆಗಡೇರದ್ದೇ ಇರಬೇಕು.”

“ಸುಮ್ನಿರೆ! ಬುಟ್ಟಿ ತಲೆ ಮೇಲೈತೆ” ಎಂದಳು ದೇವಿಯಮ್ಮ.

“ನಾನು ತೆಗೀಲಾ ಅಪ್ಪಾ?”

ಮನೋಹರ ಒಂದು ಕೈ ಬಿಡಿಸಿ ಬೇಡವೆಂದು ಆಡಿಸಿದ. ಫೋನು ಬಡಿದುಕೊಂಡು ನಿಂತಿತು. ಮತ್ತೆ ಬಡಿದುಕೊಂಡಿತು. ಕೆರಿಯಪ್ಪ ಅದಕ್ಕಿಂತ ಗಟ್ಟಿಯಾಗಿ ಭೂಮಿತಾಯಿಯನ್ನು ಕರೆಯುತ್ತ ಮುಂದೆ ಹೋದ.

ಗದ್ದೆಯ ಮೂಲೆಯಲ್ಲಿ ಬುಟ್ಟಿ ಇಳಿಯಿತು. ಬಾಳೆ ಕಂದು ನೆಟ್ಟು, ಭತ್ತದ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಮಮತಾ ಕೊರಳಿನ ತಾಳಿ ತೆಗೆದು ತೆನೆಯ ಗಿಡಕ್ಕೆ ತೊಡಿಸಿ, ಬಸುರಿ ಹೆಣ್ಣಿಗೆ ಮಾಡುವ ಹಾಗೆ ಮಡಿಲು ತುಂಬಿದಳು. ಎಲೆಯಲ್ಲಿ ಎಲ್ಲವನ್ನೂ ಬಡಿಸಿ ಇಟ್ಟರು. ಕಾಗೆಗೊಂದು ಪಾಲು, ಇಲಿಗೊಂದು ಪಾಲು. ಒಂದು ಕಡುಬನ್ನು ಮನೋಹರ ಮಣ್ಣು ಬಗೆದು ಹುಗಿದ. ಎಲ್ಲರೂ ಕೈ ಮುಗಿದರು. ಕೆರಿಯಪ್ಪ ಅಡ್ಡಬಿದ್ದು ಏಳಲು ಹೊತ್ತು ಹಿಡಿದಾಗ ಮಮತಾ ಕೈ ಕೊಟ್ಟಳು.

ಫೋನು ಮತ್ತೆ ಬಂತು. ಮನೋಹರ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು, ಅಂಚಿನ ಮೇಲೆ ನಿಂತು ತೆಗೆದ. ದೂರ ಹೋಗಲಿಲ್ಲ.

“ಹೆಗಡೇರೇ, ನಮಸ್ಕಾರ… ಹೌದು, ಹಬ್ಬ. ಬುಟ್ಟಿ ತಲೆ ಮೇಲಿತ್ತು, ತೆಗಿಯೂಕೆ ಆಗ್ಲಿಲ್ಲ… ಇಲ್ಲ, ಕಳಿಸ್ಲಿಲ್ಲ. ಕಳಿಸೂದಿಲ್ಲ.”

ಎಲೆ ಒರೆಸುತ್ತಿದ್ದ ಹೆಂಗಸರ ಕೈ ನಿಂತಿತು.

“ಅವಳು ಒಪ್ಪಿದಾಳೆ. ನಾನೇ ಬೇಡ ಅಂತಿದೀನಿ… ಸಿಟ್ಟಲ್ಲ ಹೆಗಡೇರೇ, ನಿಮ್ಮ ಮೇಲೆ ಎಂತಕ್ಕೆ ಸಿಟ್ಟು? ದಾರೀಲಿ ಅವಳು ಆ ಮಾತು ಬಾಯಿಪಾಠ ಮಾಡ್ತಾ ಬರ್ತಿದ್ಳು. ತಿರುಗಿ ನೋಡೂಕೂ ಆಗದೆ ಕೇಳಿದೆ. ನಂಗೇ ಕೇಳೂಕಾಗ್ಲಿಲ್ಲ, ಊರಿಗೆ ಹೆಂಗೆ ಕೇಳಿಸ್ಲಿ? ಯಾವ್ದು ತಪ್ಪು ಅಂತ ನಿನ್ನೆ ಕೇಳಿದ್ಳು. ಹುಡುಕ್ದೆ. ಸಿಗ್ಲಿಲ್ಲ.”

ಆ ಕಡೆಯಿಂದ ಬಂದ ಹೆಗಡೆಯವರ ಮಾತು ಮೆಲ್ಲಗಿತ್ತು; ಆದರೂ ಅಂಚಿನ ಮೇಲಿದ್ದವರಿಗೆಲ್ಲ ಕೇಳಿಸುವಷ್ಟಿತ್ತು. “ಹಂಗಾದ್ರೆ ಉಲ್ಲಾಸನ ಹೆಸರು ಹೋಗ್ತದೆ ಮನೋಹರ. ಆಮೇಲೆ ನನ್ನ ಬೈಬೇಡ.”

“ಹೋಗ್ಲಿ. ಒಳ್ಳೆ ಹುಡುಗ. ಓಡಾಡ್ತಾನೆ. ಬಾವುಟ ನಾನೇ ಹಿಡೀತೀನಿ, ಅಭ್ಯಾಸ ಐತಲ್ಲ… ಮತ್ತೆ ಹೆಗಡೇರೇ, ಅವನ ಕೈಲಿ ಕಡುಬು ಕಳಿಸ್ತೀನಿ.”

ಫೋನನ್ನು ಜೇಬಿಗೆ ಹಾಕಿದ. ಗುಡ್ಡದ ನೆತ್ತಿಯಲ್ಲಿ ಬಿಸಿಲು ಇಳಿಯತೊಡಗಿ, ತೆನೆಗೆ ಕಟ್ಟಿದ್ದ ತಾಳಿ ಮಿನುಗಿತು.

ಮಮತಾ ಸೊಂಟದಿಂದ ಚೀಟಿ ತೆಗೆದಳು. ಏನು ಮಾಡಬೇಕೆಂದು ತಿಳಿಯದೆ ಮಡಚಿ ಬಿಚ್ಚಿದಳು. ದೇವಿಯಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಕಡುಬಿನ ಪಾತ್ರೆಯ ಕೆಳಗೆ ಮಸಿಬಟ್ಟೆಯ ಜೊತೆ ಇಟ್ಟಳು.

“ಎಷ್ಟು ವರ್ಷ ಕಾದಿದ್ರಿ” ಎಂದಳು ಮಮತಾ ಗಂಡನಿಗೆ. ಕಣ್ಣು ತುಂಬಿತ್ತು.

“ಹೌದು” ಎಂದ ಮನೋಹರ. “ಟಿಕೆಟ್ ಸಿಗದಿದ್ರೆ ನಂಗೆ ಬೇಜಾರಿಲ್ಲ ಅಂತ ಹೇಳೂದಿಲ್ಲ. ಬೇಜಾರೈತೆ. ಬಾಳ ಐತೆ. ಇವತ್ತು ಮನೇಲಿ ಕೂತು ಅದನ್ನೇ ಹೇಳ್ತೀನಿ, ಕೇಳು.”

“ಕೇಳ್ತೀನಿ” ಎಂದಳು ಅವಳು.

“ಊಟಕ್ಕೆ ಕೂರಿ ಮೊದ್ಲು. ತಾಯಿ ಉಂಡಾತು. ನಮ್ಮ ಹೊಟ್ಟೆ ಎಂತ ಪಾಪ ಮಾಡೈತೆ?” ಎಂದ ಕೆರಿಯಪ್ಪ.

ಅಂಚಿನ ಮೇಲೆ ಸಾಲಾಗಿ ಕೂತರು. ಚೇತನಾ ಎಲೆ ಹಾಸಿದಳು. ಬೆರಕೆ ಸೊಪ್ಪಿನ ಪಲ್ಯ, ಅಮಟೆಕಾಯಿಯ ಹುಳಿ, ಕಡುಬು. ಮನೋಹರ ಉಣ್ಣುತ್ತ ಮಾತಾಡಿದ. ಮೊದಲ ಸಲ ಬಾವುಟ ಹಿಡಿದ ದಿನದ್ದು ಹೇಳಿದ, ಬಿಸಿಲಿಗೆ ತಲೆ ತಿರುಗಿ ಬಿದ್ದದ್ದು ಹೇಳಿದ, ಕುರ್ಚಿ ಎತ್ತಿಡುವಾಗ ಬೆರಳು ಜಜ್ಜಿಕೊಂಡದ್ದು ಹೇಳಿದ. ಯಾರೂ ಕೇಳಿರದ ಸುದ್ದಿಗಳು. ಮಮತಾ ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದಳು. ಎಲೆ ಖಾಲಿಯಾದದ್ದು ಅವನಿಗೆ ಮಾತಿನ ನಡುವೆ ಗೊತ್ತಾಯಿತು.

“ಇನ್ನೊಂದು ಕಡುಬು ಹಾಕು” ಎಂದ.

ಮಮತಾ ಕದಲಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆಯನ್ನು ಅವನ ಕಡೆ ಸರಿಸಿದಳು.

“ಪಾತ್ರೆ ತುಂಬೈತೆ, ನಿಮಗೆ ಕೈಯೂ ಐತೆ. ಹಾಕ್ಕಳಿ. ನಾನಿನ್ನೂ ಮುಷ್ಕರದಲ್ಲೇ ಇದೀನಿ.”

ಮನೋಹರ ಎದ್ದು, ಎಡಗೈಯಲ್ಲಿ ಸೌಟು ಹಿಡಿದು, ಮೊದಲ ಕಡುಬನ್ನು ಅವಳ ಎಲೆಗೆ ಹಾಕಿದ.